ಹಾಸನದಿಂದ ಆನ್‌ಲೈನ್ ಯೋಗ ತರಗತಿ ಆರಂಭಿಸುವ ಬಗ್ಗೆ: ತಂಡದ ಗಾತ್ರ, ಶುಲ್ಕ, ಪ್ರಚಾರ ಹೇಗಿರಬೇಕು?

ಸಾಲಗಾಮೆ_ರಸ್ತೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ನಮ್ಮ ಮನೆಯ ಮಹಡಿಯಲ್ಲಿ ಕೆಲವು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಬೆಳಗಿನ ಯೋಗ ತರಗತಿ ನಡೆಸುತ್ತಿದ್ದೇನೆ. ಆಯುಷ್ ಸಚಿವಾಲಯದ ಅಧೀನದಲ್ಲಿರುವ ಯೋಗ ಪ್ರಮಾಣೀಕರಣ ಮಂಡಳಿಯ ‘ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್’ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ನನ್ನ ಬಳಿ ಕಲಿಯುತ್ತಿದ್ದವರಲ್ಲಿ ಕೆಲವರು ಮದುವೆಯಾಗಿ, ವರ್ಗಾವಣೆಯಾಗಿ ಬೇರೆ ಊರು ಸೇರಿದ್ದಾರೆ. ಅವರೂ, ಸಕಲೇಶಪುರ ಮತ್ತು ಬೇಲೂರಿನ ಕಡೆಯ ಅವರ ನೆಂಟರೂ ಆನ್‌ಲೈನ್ ತರಗತಿ ಆರಂಭಿಸಿ ಎಂದು ಒತ್ತಾಯಿಸುತ್ತಿದ್ದಾರೆ.

ಒಂದು ತಂಡದಲ್ಲಿ ಎಷ್ಟು ಜನ ಇರಬೇಕು, ಯಾವ ಆ್ಯಪ್ ಅನುಕೂಲ, ಶುಲ್ಕ ಎಷ್ಟು, ಹೊಸಬರಿಗೆ ವಿಷಯ ತಲುಪಿಸುವುದು ಹೇಗೆ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ. ಜಾಹೀರಾತು ಮಾಡಿಕೊಡುವವರೊಬ್ಬರು ‘ಒಂದೇ ತಿಂಗಳಲ್ಲಿ ತೂಕ ಇಳಿಕೆ, ಸಕ್ಕರೆ ಕಾಯಿಲೆಗೆ ವಿದಾಯ’ ಎಂದು ಪೋಸ್ಟರ್ ಹಾಕಿದರೆ ನೂರಾರು ಜನ ಸೇರುತ್ತಾರೆ ಎಂದು ಸಲಹೆ ಕೊಟ್ಟರು. ಹಾಗೆ ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗೆ ಬರೆಯದೆಯೂ ಜನ ಬರುತ್ತಾರೆಯೇ?

ಯೋಗಶಿಕ್ಷಕ_ಚಿಕ್ಕಮಗಳೂರು

ಬರುತ್ತಾರೆ ಮೇಡಂ. ನಿಧಾನವಾಗಿ ಬರುತ್ತಾರೆ, ಆದರೆ ಬಂದವರು ಉಳಿಯುತ್ತಾರೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ತಂಡದ ಗಾತ್ರದ ಕುರಿತಾದದ್ದು. ಉಳಿದೆಲ್ಲ ತೀರ್ಮಾನಗಳೂ, ಪ್ರಚಾರವೂ ಸೇರಿದಂತೆ, ಅದನ್ನೇ ಅವಲಂಬಿಸಿವೆ.

ಝೂಮ್‌ನಲ್ಲಾಗಲಿ ಗೂಗಲ್ ಮೀಟ್‌ನಲ್ಲಾಗಲಿ ಹಣ ಕೊಡದೆಯೇ 100 ಜನರನ್ನು ಸೇರಿಸಬಹುದು. ಸೇರಿಸಬಹುದು ಎಂಬ ಕಾರಣಕ್ಕೆ ಸೇರಿಸಬಾರದು. ಲ್ಯಾಪ್‌ಟಾಪಿನ ಪರದೆಯ ಮೇಲೆ 25 ಚೌಕಗಳು ಒಮ್ಮೆಗೇ ಕಾಣುತ್ತವೆ ನಿಜ, ಆದರೆ ಆ ಚೌಕದಲ್ಲಿ ಕಾಣುವ ದೇಹ ಹೆಬ್ಬೆರಳಿನಷ್ಟೇ ಇರುತ್ತದೆ. ವೀರಭದ್ರಾಸನದಲ್ಲಿ ಮುಂದಿನ ಮೊಣಕಾಲು ಹಿಮ್ಮಡಿಯ ನೇರಕ್ಕೆ ನಿಂತಿದೆಯೇ ಅಥವಾ ಒಳಗಡೆಗೆ ವಾಲಿದೆಯೇ ಎಂಬುದು ಆ ಗಾತ್ರದಲ್ಲಿ ತಿಳಿಯುವುದಿಲ್ಲ. ಮಂಡಿ ನೋವು ಶುರುವಾಗುವುದು ಇಂಥ ವಾಲುವಿಕೆಯಿಂದಲೇ. ಮಹಡಿಯ ತರಗತಿಯಲ್ಲಾದರೆ ನೀವು ಹತ್ತಿರ ಹೋಗಿ ಸರಿಪಡಿಸುತ್ತೀರಿ. ಇಲ್ಲಿ ನಿಮ್ಮ ಕಣ್ಣು ಮತ್ತು ಮಾತು ಎರಡೇ ಸಾಧನ. ಆದ್ದರಿಂದ ಒಂದು ತಂಡಕ್ಕೆ ಹತ್ತು, ಹೆಚ್ಚೆಂದರೆ ಹನ್ನೆರಡು ಜನ ಸಾಕು. ಹದಿಮೂರನೆಯವರು ಬಂದಾಗ ಅವರಿಗೆ ಕಾಯಲು ಹೇಳಿ, ಇನ್ನೊಂದು ವೇಳೆಗೆ ಎರಡನೆಯ ತಂಡ ಮಾಡಿ.

ಆ್ಯಪ್‌ನ ವಿಷಯಕ್ಕೆ ಬಂದರೆ, ಝೂಮ್‌ನ ಉಚಿತ ಖಾತೆಯಲ್ಲಿ ಗುಂಪು ಕರೆ 40 ನಿಮಿಷಕ್ಕೆ ನಿಂತುಹೋಗುತ್ತದೆ. ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿರುವ ಸಾಮಾನ್ಯ ಯೋಗ ಶಿಷ್ಟಾಚಾರವೇ 45 ನಿಮಿಷದ್ದು. ಎಲ್ಲರೂ ಕಣ್ಣು ಮುಚ್ಚಿ ಮಲಗಿರುವ ಹೊತ್ತಿಗೆ ಕರೆ ಕಡಿದುಹೋದರೆ ಇಡೀ ತರಗತಿಯ ಫಲ ಹಾಳಾಗುತ್ತದೆ. ಮೀಟ್‌ನಲ್ಲಿ ಉಚಿತವಾಗಿ 60 ನಿಮಿಷ ಸಿಗುತ್ತದೆ, ಆರಂಭಕ್ಕೆ ಅದು ಸಾಕು. ಆದರೆ ಝೂಮ್‌ನಲ್ಲಿರುವ ಒಂದು ಸೌಲಭ್ಯ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಹಳ ಉಪಯುಕ್ತವಾದದ್ದು. ಅದರ ಹೆಸರು ‘ಫೋಕಸ್ ಮೋಡ್’. ಅದನ್ನು ಹಾಕಿದರೆ ಶಿಕ್ಷಕರಿಗೆ ಎಲ್ಲರ ವಿಡಿಯೊ ಕಾಣುತ್ತದೆ, ಕಲಿಯುವವರಿಗೆ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಅತ್ತೆ, ಮಾವ, ಮೈದುನರಿರುವ ಮನೆಯಲ್ಲಿ ಕ್ಯಾಮೆರಾ ಹಾಕಲು ಹಿಂಜರಿಯುವವರು ಬಹಳ ಮಂದಿ ಇದ್ದಾರೆ; ಕ್ಯಾಮೆರಾ ಆರಿಸಿಕೊಂಡು ಯೋಗ ಮಾಡುವವರನ್ನು ನೀವು ತಿದ್ದಲಾರಿರಿ. ‘ನನಗೊಬ್ಬಳಿಗೆ ಮಾತ್ರ ಕಾಣುತ್ತದೆ’ ಎಂದು ಮೊದಲೇ ಭರವಸೆ ಕೊಟ್ಟರೆ ಆ ಸಂಕೋಚ ಕಡಿಮೆಯಾಗುತ್ತದೆ. ಈ ಕಾರಣಕ್ಕಾಗಿಯೇ ಝೂಮ್‌ಗೆ ಹಣ ಕೊಡುವುದು ನಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ.

ಎಡಬಲದ ಗೊಂದಲಕ್ಕೂ ಈಗಲೇ ಸಿದ್ಧರಾಗಿ. ನಿಮ್ಮ ಪರದೆಯಲ್ಲಿ ನಿಮಗೆ ಕಾಣುವುದು ಕನ್ನಡಿಯ ಚಿತ್ರ. ಅವರಿಗೆ ಕಾಣುವುದು ಹಾಗಲ್ಲ. ಎದುರು ನಿಂತು ನೀವು ಬಲಗೈ ಎತ್ತಿದರೆ ಅವರ ಪರದೆಯಲ್ಲಿ ಅದು ಎಡಬದಿಗೆ ಕಾಣುತ್ತದೆ, ಅವರು ನೋಡಿದಂತೆ ಎಡಗೈ ಎತ್ತುತ್ತಾರೆ. ಆದ್ದರಿಂದ ಬಾಯಲ್ಲಿ ‘ಬಲಗೈ’ ಎನ್ನುತ್ತಾ ನಿಮ್ಮ ಎಡಗೈ ಎತ್ತುವ ಅಭ್ಯಾಸ ಮಾಡಿಕೊಳ್ಳಬೇಕು. ತ್ರಿಕೋನಾಸನದಂತಹವನ್ನು ಎದುರು ನಿಂತು, ಭುಜಂಗಾಸನ, ಪಶ್ಚಿಮೋತ್ತಾನಾಸನಗಳನ್ನು ಪಕ್ಕಕ್ಕೆ ತಿರುಗಿ ತೋರಿಸಿ. ಕ್ಯಾಮೆರಾ ಸೊಂಟದ ಎತ್ತರದಲ್ಲಿರಲಿ, ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನಿಂದ ಬೇಡ. ಉಡುಪಿನ ಬಣ್ಣವೂ ಮ್ಯಾಟಿನ ಬಣ್ಣವೂ ಒಂದೇ ಆಗಿದ್ದರೆ ಕಾಲೆಲ್ಲಿದೆ ಎಂದೇ ತಿಳಿಯುವುದಿಲ್ಲ. ಮೊದಲ ತಿಂಗಳ ಖರ್ಚಿನಲ್ಲಿ ಒಳ್ಳೆಯ ಕಾಲರ್ ಮೈಕ್‌ಗೆ ಆದ್ಯತೆ ಕೊಡಿ. ಚಿತ್ರ ಮಸುಕಾದರೂ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಬಿಟ್ಟುಹೋಗುತ್ತಾರೆ.

ಆಲೂರು_ತೋಟ

ನಾನು ಕಲಿಯುವವರ ಪರವಾಗಿ ಎರಡು ಮಾತು ಹೇಳುತ್ತೇನೆ. ಆಲೂರು, ಸಕಲೇಶಪುರ ಭಾಗದ ತೋಟದ ಮನೆಗಳಲ್ಲಿರುವ ನಮಗೆ ಆನ್‌ಲೈನ್ ತರಗತಿ ಅನುಕೂಲ ಮಾತ್ರವಲ್ಲ, ಬಹಳ ಮಟ್ಟಿಗೆ ಅದೊಂದೇ ದಾರಿ. ಕಾಡಾನೆಗಳ ಓಡಾಟವಿರುವಾಗ ಬೆಳಗಿನ ಜಾವ ಮನೆಯಿಂದ ಹೊರಬಿದ್ದು ಪೇಟೆಗೆ ಹೋಗಿ ಯೋಗ ಕಲಿಯುವುದು ಆಗದ ಮಾತು. ಮಳೆಗಾಲದಲ್ಲಂತೂ ವಾಕಿಂಗ್ ಕೂಡ ನಿಂತುಹೋಗುತ್ತದೆ. ಹೆಂಗಸರು ತಿಂಗಳುಗಟ್ಟಲೆ ಮನೆಯೊಳಗೇ ಇರುತ್ತಾರೆ, ಬೆನ್ನು, ಕೀಲು ಹಿಡಿದುಕೊಳ್ಳುವುದು ಆಗಲೇ. ಆದ್ದರಿಂದ ಮೇಡಂ ಅವರು ತರಗತಿಯನ್ನು ಜೂನ್‌ನಲ್ಲಿ ಮಳೆ ಹಿಡಿಯುವುದಕ್ಕೆ ಮುಂಚೆ ಆರಂಭಿಸಿದರೆ ನಮ್ಮಂಥವರಿಗೆ ಒಳ್ಳೆಯದು.

ಆದರೆ ಅದೇ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ನಿಲ್ಲುತ್ತದೆ. ವಿಡಿಯೊ ಸಿಕ್ಕಿಕೊಂಡು ಧ್ವನಿ ಮಾತ್ರ ಬರುವ ದಿನಗಳು ಬಹಳ. ‘ಈಗ ಹೀಗೆ ಮಾಡಿ, ಆಮೇಲೆ ಹೀಗೆ’ ಎಂದು ಹೇಳುವ ಶಿಕ್ಷಕರ ತರಗತಿಯಲ್ಲಿ ಆಗ ನಮಗೆ ಏನೂ ತಿಳಿಯುವುದಿಲ್ಲ. ‘ಬಲಗಾಲನ್ನು ಒಂದು ದೊಡ್ಡ ಹೆಜ್ಜೆ ಹಿಂದಕ್ಕೆ ಇಡಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಉಸಿರು ತೆಗೆದುಕೊಳ್ಳುತ್ತಾ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ’ ಎಂದು ಬಿಡಿಸಿ ಹೇಳುವವರ ತರಗತಿಯನ್ನು ಕಣ್ಣು ಮುಚ್ಚಿಕೊಂಡೂ ಮಾಡಬಹುದು. ಇನ್ನು ಡೇಟಾದ ಲೆಕ್ಕ: ಒಂದು ಗಂಟೆಯ ಗುಂಪು ವಿಡಿಯೊ ಕರೆಗೆ 1 ಜಿಬಿ ಆಸುಪಾಸು ಖರ್ಚಾಗುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಮನೆಯಲ್ಲಿ ಮಕ್ಕಳ ಓದಿಗೂ ಅದೇ ಫೋನ್ ಎಂದಾದರೆ ಕಷ್ಟ. ವಾರಕ್ಕೆ ಮೂರು ದಿನ ವಿಡಿಯೊ ತರಗತಿ, ಉಳಿದ ದಿನಗಳಿಗೆ ಹತ್ತು ನಿಮಿಷದ ಧ್ವನಿ ಮುದ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಕ್ರಮ ನಮಗೆ ಹೆಚ್ಚು ಹೊಂದುತ್ತದೆ.

ಕೀಲು_ಮೂಳೆ (ಫಿಸಿಯೊಥೆರಪಿಸ್ಟ್, ಹಾಸನ)

ಸೇರುವ ಪ್ರತಿಯೊಬ್ಬರಿಂದಲೂ ಮೊದಲೇ ಆರೋಗ್ಯದ ಮಾಹಿತಿ ಬರೆಸಿಕೊಳ್ಳಿ. ಗೂಗಲ್ ಫಾರ್ಮ್ ಸಾಕು, ಕನ್ನಡದಲ್ಲಿರಲಿ. ವಯಸ್ಸು, ರಕ್ತದೊತ್ತಡ, ಹೃದಯದ ತೊಂದರೆ, ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಔಷಧ, ಈಚೆಗೆ ಆದ ಶಸ್ತ್ರಚಿಕಿತ್ಸೆ, ಗರ್ಭಿಣಿಯೇ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆಯೇ, ಮೂಳೆ ಸವೆತ (ಆಸ್ಟಿಯೊಪೊರೋಸಿಸ್) ಇದೆಯೇ ಎಂಬಿಷ್ಟನ್ನು ಕೇಳಬೇಕು. ಗ್ಲಾಕೋಮಾ ಬಗ್ಗೆ ಕೇಳುವವರು ಕಡಿಮೆ, ಆದರೆ ತಲೆ ಕೆಳಗಾಗುವ ಆಸನಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಅಂಥವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಮೂಳೆ ಸವೆದ ಹಿರಿಯ ಹೆಂಗಸರಿಗೆ ಬೆನ್ನನ್ನು ಗೂನಾಗಿಸಿ ಮುಂದಕ್ಕೆ ಬಾಗುವ ಆಸನಗಳಿಂದ ಬೆನ್ನೆಲುಬಿನ ಮೂಳೆಗಳು ಬಿರುಕುಬಿಡುವ ಅಪಾಯವಿದೆ. ಅಧಿಕ ರಕ್ತದೊತ್ತಡ, ಹೃದ್ರೋಗ ಇರುವವರಿಗೂ ಗರ್ಭಿಣಿಯರಿಗೂ ಕಪಾಲಭಾತಿ ಹೇಳಿಕೊಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಅಭ್ಯಾಸ ಮಾಡುವ ಮುನ್ನ ತಮ್ಮ ವೈದ್ಯರನ್ನು ಕೇಳಿರಬೇಕು.

ಆನ್‌ಲೈನ್‌ನಲ್ಲಿ ಶೀರ್ಷಾಸನವನ್ನು ಹೊಸಬರಿಗೆ ಕಲಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದಲ್ಲಿ ಹಿಡಿದುಕೊಳ್ಳುವವರಿಲ್ಲದೆ ಕುತ್ತಿಗೆಯ ಮೇಲೆ ಭಾರ ಹಾಕುವುದನ್ನು ಪರದೆಯ ಮೂಲಕ ಕಲಿಸುವ ಅಗತ್ಯವೇನೂ ಇಲ್ಲ. ಕಲಿಯುವವರು ಒಂಟಿಯಾಗಿರುತ್ತಾರೆ ಎಂಬುದನ್ನೂ ನೆನಪಿಟ್ಟು, ಮನೆಯವರೊಬ್ಬರ ಫೋನ್ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಿ.

ಆ ಪೋಸ್ಟರಿನ ಬಗ್ಗೆ ನಿಮ್ಮ ಮನಸ್ಸು ಹೇಳಿದ್ದೇ ಸರಿ. ‘ಸಕ್ಕರೆ ಕಾಯಿಲೆಗೆ ವಿದಾಯ’ ಎಂದು ನಂಬಿ ಮಾತ್ರೆ ನಿಲ್ಲಿಸಿದ ರೋಗಿಗಳನ್ನು ನಾನು ನೋಡಿದ್ದೇನೆ. ಕಾನೂನಿನ ದೃಷ್ಟಿಯಿಂದಲೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ವೈದ್ಯರ ಚಿಕಿತ್ಸೆಯ ಜೊತೆಗೆ ನಿಯಮಿತ ಅಭ್ಯಾಸ’ ಎಂದು ಬರೆದರೆ ಸತ್ಯವೂ ಉಳಿಯುತ್ತದೆ, ಓದುವವರಿಗೆ ವಿಶ್ವಾಸವೂ ಬರುತ್ತದೆ.

ಸಾಲಗಾಮೆ_ರಸ್ತೆ (ಹಾಸನ)

ಎಲ್ಲರಿಗೂ ಧನ್ಯವಾದಗಳು. ಮಾತಿನಲ್ಲೇ ಆಸನವನ್ನು ಬಿಡಿಸಿ ಹೇಳುವುದನ್ನು ಮಹಡಿಯ ತರಗತಿಯಲ್ಲಿ ಇಂದಿನಿಂದಲೇ ರೂಢಿ ಮಾಡಿಕೊಳ್ಳುತ್ತೇನೆ. ಶುಲ್ಕದ ವಿಷಯದಲ್ಲಿ ಮಾತ್ರ ಇನ್ನೂ ಗೊಂದಲವಿದೆ. ನಮ್ಮ ಊರಿನಲ್ಲಿ ಉಚಿತವಾಗಿ ಯೋಗ ಕಲಿಸುವ ಸಂಘಟನೆಗಳು, ಸೇವಾ ಮನೋಭಾವದ ಹಿರಿಯರು ಇದ್ದಾರೆ. ಹೀಗಿರುವಾಗ ಹಣ ಕೇಳಿದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿದೆ.

ನಿವೃತ್ತ_ಶಿಕ್ಷಕ (ಅರಕಲಗೂಡು)

ನಾನು ಹೇಳುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಯೋಗ ಹಂಚಿಕೊಳ್ಳಬೇಕಾದ ವಿದ್ಯೆ ಎಂದು ನಂಬಿದವನು ನಾನು. ಸಮುದಾಯ ಭವನದಲ್ಲಿ ಬೆಳಗಿನ ಐದೂವರೆಗೆ ದೀಪ ಹಾಕಿ, ಚಾಪೆ ಹಾಸಿ, ಒಂದು ಪೈಸೆ ತೆಗೆದುಕೊಳ್ಳದೆ ಕಲಿಸುವವರು ಈ ಜಿಲ್ಲೆಯ ಊರೂರಿನಲ್ಲಿದ್ದಾರೆ. ಅಂಥ ಕಡೆ ಕೂಲಿಗೆ ಹೋಗುವವರೂ ಬ್ಯಾಂಕಿನ ಮ್ಯಾನೇಜರರೂ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಶುಲ್ಕವಿಟ್ಟ ಕೂಡಲೇ ಮೊದಲನೆಯವರು ಹೊರಗುಳಿಯುತ್ತಾರೆ. ದಯವಿಟ್ಟು ಇದನ್ನು ಯೋಚಿಸಿ.

ಯೋಗಶಿಕ್ಷಕ_ಚಿಕ್ಕಮಗಳೂರು

ಸರ್, ತಾವು ಹೇಳಿದ ಸೇವೆಯ ಬಗ್ಗೆ ನನಗೆ ಅಪಾರ ಗೌರವವಿದೆ; ನಾನು ಮೊದಲು ಸೂರ್ಯನಮಸ್ಕಾರ ಕಲಿತದ್ದು ಅಂಥ ಉಚಿತ ತರಗತಿಯಲ್ಲೇ. ಆದರೆ ಪಿಂಚಣಿ ಬರುವವರು ಉಚಿತವಾಗಿ ಕಲಿಸುವುದಕ್ಕೂ, ಇದನ್ನೇ ಜೀವನೋಪಾಯವಾಗಿ ನೆಚ್ಚಿಕೊಂಡ ಹೆಣ್ಣುಮಗಳೊಬ್ಬಳು ಕಲಿಸುವುದಕ್ಕೂ ವ್ಯತ್ಯಾಸವಿದೆ. ಪರೀಕ್ಷೆ ಬರೆದು, ಅಭ್ಯಾಸ ಬಿಡದೆ, ಹನ್ನೆರಡು ಜನರ ಮೊಣಕಾಲು, ಬೆನ್ನು, ಉಸಿರನ್ನು ಗಮನವಿಟ್ಟು ನೋಡುವುದು ದುಡಿಮೆಯೇ. ಸಂಗೀತದ ಮೇಷ್ಟ್ರಿಗೆ, ಟ್ಯೂಷನ್ ಮೇಷ್ಟ್ರಿಗೆ ತಿಂಗಳಾದ ಕೂಡಲೇ ಹಣ ಕೊಡುವ ನಾವು ಯೋಗದವರ ಮುಂದೆ ಮಾತ್ರ ಸೇವೆಯ ಮಾತು ಆಡುವುದು ಸರಿಯಲ್ಲ.

ತಾವು ಎತ್ತಿದ ಪ್ರಶ್ನೆಗೆ ಉತ್ತರ ಬೇರೆ ರೀತಿಯಲ್ಲಿ ಹುಡುಕಬಹುದು. ಪ್ರತಿ ತಂಡದಲ್ಲಿ ಎರಡು ಸ್ಥಾನಗಳನ್ನು ಕೊಡಲಾಗದವರಿಗೆ ಮೀಸಲಿಡಲಿ, ಆ ಇಬ್ಬರು ಯಾರೆಂದು ಉಳಿದವರಿಗೆ ತಿಳಿಯದಿರಲಿ. ಭಾನುವಾರ ಎಲ್ಲರಿಗೂ ತೆರೆದ ಒಂದು ಉಚಿತ ತರಗತಿ ಇರಲಿ, ಅದರಲ್ಲಿ ಸರಳವಾದ ಸಡಿಲಿಕೆಯ ವ್ಯಾಯಾಮ, ಪ್ರಾಣಾಯಾಮ ಮಾತ್ರ ಇರಲಿ. ಮೇಡಂ, ಮೊತ್ತವನ್ನು ಬೆಂಗಳೂರಿನವರನ್ನು ನೋಡಿ ನಿಗದಿ ಮಾಡಬೇಡಿ, ನಿಮ್ಮ ಮಹಡಿಯ ತರಗತಿಯ ಶುಲ್ಕವನ್ನೇ ಇಟ್ಟುಕೊಳ್ಳಿ. ಪರದೆಯ ಮೂಲಕ ಎಂದು ಕಡಿಮೆ ಮಾಡುವುದೂ ಬೇಡ, ಏಕೆಂದರೆ ನಿಮ್ಮ ಶ್ರಮ ಇಲ್ಲಿ ಹೆಚ್ಚೇ.

ಬೇಲೂರು_ಲೆಕ್ಕಪತ್ರ

ಹಣಕಾಸಿನ ಬಗ್ಗೆ ಸಂಕ್ಷಿಪ್ತವಾಗಿ. ತರಗತಿಯ ಹಣಕ್ಕೆ ಪ್ರತ್ಯೇಕ ಉಳಿತಾಯ ಖಾತೆ ತೆರೆದು ಅದಕ್ಕೇ ಯುಪಿಐ ಕ್ಯೂಆರ್ ಮಾಡಿಸಿ; ಮನೆಯ ಖರ್ಚಿನ ಜೊತೆ ಬೆರೆತರೆ ವರ್ಷದ ಕೊನೆಯಲ್ಲಿ ಲೆಕ್ಕ ಸಿಗುವುದಿಲ್ಲ. ಇದು ಆದಾಯವೇ ಆದ್ದರಿಂದ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಬೇರೆ ರಾಜ್ಯದಲ್ಲಿ ಶಿಷ್ಯರಿದ್ದರೂ ಅಷ್ಟೇ. ಹಣ ಬಂದ ಕೂಡಲೇ ತಿಂಗಳು, ಹೆಸರು, ಮೊತ್ತ ನಮೂದಿಸಿದ ರಸೀದಿ ಕಳುಹಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ, ತೋಟದ ಮನೆಯವರಿಗೆ ಬಿಡುವಿರುವುದಿಲ್ಲ. ಆಗ ಕಟ್ಟಿದ ಹಣ ವ್ಯರ್ಥವಾಗದೆ ಮುಂದಿನ ತಿಂಗಳಿಗೆ ಸೇರುವ ನಿಯಮವಿದ್ದರೆ ಅವರು ಬಿಟ್ಟುಹೋಗದೆ ಮರಳಿ ಬರುತ್ತಾರೆ.

ಮುದ್ರಣ_ಮಾಧ್ಯಮ (ಚಿಕ್ಕಮಗಳೂರು)

ಪ್ರಚಾರದ ಕೆಲಸ ನನ್ನ ವೃತ್ತಿಯಾದ್ದರಿಂದ ಆ ಭಾಗಕ್ಕೆ ಉತ್ತರಿಸುತ್ತೇನೆ. ಹನ್ನೆರಡು ಜನರ ತಂಡಕ್ಕೆ ಫೇಸ್‌ಬುಕ್ ಜಾಹೀರಾತಿನ ಹಣ ಸುರಿಯುವುದು ಅನಗತ್ಯ. ನಿಮ್ಮ ಈಗಿನ ಶಿಷ್ಯೆಯರೇ ನಿಮ್ಮ ಪ್ರಚಾರಕರು. ಅವರಿಗೆ ಮುಂದಕ್ಕೆ ಕಳುಹಿಸಲು ಸುಲಭವಾದ ಒಂದು ಚಿಕ್ಕ ಕನ್ನಡ ಸಂದೇಶವನ್ನು ಬರೆದುಕೊಡಿ: ಯಾರು ಕಲಿಸುತ್ತಾರೆ, ಯಾವ ವೇಳೆ, ಎಷ್ಟು ಜನ, ಎಷ್ಟು ಶುಲ್ಕ, ಯಾರಿಗೆ ಸೂಕ್ತ, ಯಾರಿಗೆ ಅಲ್ಲ. ಈ ಕೊನೆಯದನ್ನು ಬರೆಯುವವರು ಅಪರೂಪ, ಅದನ್ನು ಓದಿದವರಿಗೆ ಶಿಕ್ಷಕರ ಮೇಲೆ ನಂಬಿಕೆ ಹುಟ್ಟುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಅದಕ್ಕೆ ಹಣವಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಗೇ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಸಂಖ್ಯೆಗಳನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಹಾಗಾಗಿ ವಿಚಾರಿಸಿದವರಿಗೆಲ್ಲ ಮೊದಲು ‘ನನ್ನ ಸಂಖ್ಯೆ ಸೇವ್ ಮಾಡಿಕೊಳ್ಳಿ’ ಎಂದು ಹೇಳಬೇಕು. ಸಿಕ್ಕಸಿಕ್ಕ ಊರಿನ ಗುಂಪುಗಳಿಗೆ ಲಿಂಕ್ ಎಸೆಯಬೇಡಿ; ಅದರಿಂದ ಜನ ಬೇಸರಗೊಳ್ಳುತ್ತಾರೆ, ತರಗತಿಗೆ ಅಪರಿಚಿತರು ನುಗ್ಗುವ ಅಪಾಯವೂ ಇದೆ. ನೀವು ಒಪ್ಪಿದವರನ್ನು ಮಾತ್ರ ತರಗತಿಗೆ ಬಿಡುವ ಝೂಮ್‌ನ ‘ವೇಟಿಂಗ್ ರೂಮ್’ ಸದಾ ಹಾಕಿರಲಿ.

ಗೂಗಲ್ ನಕ್ಷೆಯಲ್ಲಿ ಹೆಸರು ಬರಬೇಕೆಂದು ಹಲವರು ಬಯಸುತ್ತಾರೆ. ಕೇವಲ ಆನ್‌ಲೈನ್‌ನಲ್ಲಿ ನಡೆಯುವ ವ್ಯವಹಾರಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೊಡುವುದಿಲ್ಲ, ಗ್ರಾಹಕರನ್ನು ಮುಖಾಮುಖಿ ಭೇಟಿಯಾಗುವ ವ್ಯವಹಾರಕ್ಕೆ ಮಾತ್ರ ಕೊಡುತ್ತದೆ. ನಿಮ್ಮ ಮಹಡಿಯ ತರಗತಿ ನಡೆಯುತ್ತಿರುವುದರಿಂದ ನೀವು ಅರ್ಹರು. ಅದನ್ನು ನಿಲ್ಲಿಸದಿರಲು ಇದೂ ಒಂದು ಕಾರಣ. ಹಾಸನದಲ್ಲಿ ಯೋಗ ಹುಡುಕುವವರು ಅಲ್ಲಿಂದ ನಿಮ್ಮನ್ನು ಕಾಣುತ್ತಾರೆ, ದೂರದವರಿಗೆ ಆನ್‌ಲೈನ್ ತರಗತಿ ಇದೆಯೆಂದೂ ಅಲ್ಲೇ ತಿಳಿಯುತ್ತದೆ.

ಯೂಟ್ಯೂಬ್‌ನಲ್ಲಿ ವಾರಕ್ಕೊಂದು ಸಣ್ಣ ವಿಡಿಯೊ ಹಾಕಿದರೆ ಸಾಕು, ಆದರೆ ಅದರಲ್ಲಿ ಒಂದೇ ವಿಷಯ ಇರಲಿ. ಮೆಟ್ಟಿಲು ಹತ್ತುವಾಗ ಮಂಡಿ ನೋಯುವವರಿಗೆ ತಾಡಾಸನದಲ್ಲಿ ನಿಲ್ಲುವ ರೀತಿ, ಹೊಲಿಗೆ ಮೆಷಿನ್ ಮುಂದೆ ಕೂರುವವರ ಭುಜಕ್ಕೆ ಸಡಿಲಿಕೆ, ಕಣದಲ್ಲಿ ಬಗ್ಗಿ ಕಾಫಿ ಹರಡುವವರ ಸೊಂಟಕ್ಕೆ ಮಾರ್ಜಾಲಾಸನ. ಇಂಥವು ಇಂಗ್ಲಿಷಿನಲ್ಲಿ ಹೇರಳವಾಗಿರುವ ಯೋಗ ವಿಡಿಯೊಗಳಲ್ಲಿ ಸಿಗುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡಾಗಲಿ, ಬೇರೆಯವರು ಹಾಡಿದ ಭಕ್ತಿಗೀತೆಯಾಗಲಿ ಹಾಕಬೇಡಿ, ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೊ ತಡೆಹಿಡಿಯಬಹುದು. ನಿಮ್ಮ ಧ್ವನಿಯೇ ಸಾಕು.

ಜೂನ್ 21ರ ಯೋಗ ದಿನವನ್ನು 2015ರಿಂದ ಆಚರಿಸುತ್ತಿರುವುದರಿಂದ ಆ ವಾರ ಶಾಲೆ, ಬ್ಯಾಂಕು, ಮಹಿಳಾ ಸಂಘಗಳು ಶಿಕ್ಷಕರನ್ನು ಹುಡುಕುತ್ತವೆ. ಕರೆದ ಕಡೆ ಹೋಗಿ ಕಲಿಸಿ, ನಿಮ್ಮ ಕ್ಯೂಆರ್ ಇರುವ ಚೀಟಿಯನ್ನು ಕೊಟ್ಟು ಬನ್ನಿ.

ಯೋಗಶಿಕ್ಷಕ_ಚಿಕ್ಕಮಗಳೂರು

ಕನ್ನಡದ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಅಷ್ಟಾಂಗ ವಿನ್ಯಾಸ ಯೋಗವನ್ನು ಜಗತ್ತಿಗೆ ಪರಿಚಯಿಸಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ಹಾಸನದ ಬಳಿಯ ಕೌಶಿಕ ಗ್ರಾಮದಲ್ಲಿ. ಅವರು ತಮ್ಮ ಗುರು ಟಿ. ಕೃಷ್ಣಮಾಚಾರ್ಯರ ಯೋಗ ಪ್ರಾತ್ಯಕ್ಷಿಕೆಯನ್ನು ಮೊದಲು ನೋಡಿದ್ದೂ 1927ರಲ್ಲಿ ಹಾಸನದಲ್ಲೇ. ಕೃಷ್ಣಮಾಚಾರ್ಯರು ಆ ಕಾಲದಲ್ಲಿ ಹಾಸನ ಸೀಮೆಯ ಕಾಫಿ ತೋಟದಲ್ಲಿ ಕೆಲಸದಲ್ಲಿದ್ದರು. 1934ರಲ್ಲಿ ಮೈಸೂರಿನಿಂದ ಪ್ರಕಟವಾದ ಅವರ ಯೋಗ ಗ್ರಂಥ ಇದ್ದದ್ದು ಕನ್ನಡದಲ್ಲಿ. ಇದನ್ನು ಜಾಹೀರಾತಿಗೆ ಬಳಸಿ ಎಂದು ಹೇಳುತ್ತಿಲ್ಲ. ಕನ್ನಡದಲ್ಲಿ ಕಲಿಸಿದರೆ ಜನ ಕಡಿಮೆ ಬೆಲೆ ಕಟ್ಟುತ್ತಾರೆಂಬ ಅಳುಕು ಯಾರಿಗೂ ಬೇಡ ಎಂದು ಹೇಳುತ್ತಿದ್ದೇನೆ.

ದುಬೈ_ಕನ್ನಡತಿ

ನಾನು ಮೂಲತಃ ಮೂಡಿಗೆರೆಯವಳು. ಹೊರದೇಶದಲ್ಲಿರುವ ನಮಗೆ ಕನ್ನಡದಲ್ಲಿ ‘ಉಸಿರು ಬಿಡುತ್ತಾ ನಿಧಾನವಾಗಿ ಬಾಗಿ’ ಎಂದು ಹೇಳುವ ದನಿ ಬೆಳಿಗ್ಗೆ ಕಿವಿಗೆ ಬೀಳುವುದೇ ದೊಡ್ಡ ಸಮಾಧಾನ. ನಿಮ್ಮ ಬೆಳಗಿನ ಆರೂವರೆ ನಮಗೆ ಐದು ಗಂಟೆ, ಕೆಲಸಕ್ಕೆ ಬೇಗ ಹೊರಡುವವರಿಗೆ ಅದು ಹೊಂದುತ್ತದೆ. ಆದರೆ ಅಮೆರಿಕದ ಪೂರ್ವ ಭಾಗದಲ್ಲಿರುವ ನನ್ನ ತಂಗಿಗೆ ಅದು ಹಿಂದಿನ ರಾತ್ರಿಯ ಎಂಟು ಅಥವಾ ಒಂಬತ್ತು ಗಂಟೆ. ಊಟವಾದ ಮೇಲೆ ಯೋಗ ಆಗುವುದಿಲ್ಲ. ಅವರಿಗಾಗಿ ನಿಮ್ಮ ಸಂಜೆ ಐದೂವರೆಗೆ ತಂಡ ಮಾಡಿದರೆ ಅಲ್ಲಿ ಬೆಳಿಗ್ಗೆ ಏಳು ಅಥವಾ ಎಂಟು ಗಂಟೆಯಾಗಿರುತ್ತದೆ. ಅಲ್ಲಿನವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಿಸುವುದರಿಂದ ಆ ಎರಡು ತಿಂಗಳಲ್ಲಿ ವೇಳೆಯನ್ನು ಮತ್ತೊಮ್ಮೆ ತಿಳಿಸಬೇಕು. ಹಣ ಕಳುಹಿಸಲು ಕಷ್ಟವಿಲ್ಲ. ಭಾರತದ ಬ್ಯಾಂಕಿನಲ್ಲಿ ಎನ್‌ಆರ್‌ಒ (ಅನಿವಾಸಿಗಳ) ಖಾತೆಯಿರುವವರು ಯುಎಇ, ಅಮೆರಿಕ ಮುಂತಾದ ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಯುಪಿಐ ಬಳಸಬಹುದು, ಅವರ ಬ್ಯಾಂಕ್ ಆ ಸೌಲಭ್ಯ ಕೊಟ್ಟಿದ್ದರೆ.

ಸಾಲಗಾಮೆ_ರಸ್ತೆ (ಹಾಸನ)

ತಮ್ಮೆಲ್ಲರ ಮಾತುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಹತ್ತು ಜನರ ಒಂದೇ ತಂಡದಿಂದ, ವಾರಕ್ಕೆ ಮೂರು ದಿನ, ಮಹಡಿಯ ತರಗತಿಯ ಶುಲ್ಕದಲ್ಲೇ ಆರಂಭಿಸುತ್ತೇನೆ. ಎರಡು ಸ್ಥಾನಗಳು ಮೀಸಲಿರುತ್ತವೆ. ಅರಕಲಗೂಡಿನ ಸರ್, ಭಾನುವಾರದ ಉಚಿತ ತರಗತಿಗೆ ತಾವೂ ತಿಂಗಳಿಗೊಮ್ಮೆ ಬಂದು ಪ್ರಾಣಾಯಾಮ ಹೇಳಿಕೊಟ್ಟರೆ ನನಗೆ ಬಲ ಬರುತ್ತದೆ. ಕೊನೆಯದಾಗಿ ಒಂದು ಪ್ರಶ್ನೆ: ತಪ್ಪಿಸಿಕೊಂಡವರಿಗಾಗಿ ತರಗತಿಯನ್ನು ರೆಕಾರ್ಡ್ ಮಾಡಿ ಕಳುಹಿಸಬಹುದೇ?

ನಿವೃತ್ತ_ಶಿಕ್ಷಕ (ಅರಕಲಗೂಡು)

ಖಂಡಿತ ಬರುತ್ತೇನೆ ತಾಯಿ. ಮೊಮ್ಮಗನಿಂದ ಝೂಮ್ ಕಲಿತುಕೊಳ್ಳುತ್ತೇನೆ. ಮೀಸಲು ಸ್ಥಾನಗಳಿಗೆ ನಮ್ಮ ಅರಕಲಗೂಡಿನ ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಸರನ್ನು ಖಾಸಗಿಯಾಗಿ ಕಳುಹಿಸುತ್ತೇನೆ.

ಯೋಗಶಿಕ್ಷಕ_ಚಿಕ್ಕಮಗಳೂರು

ಕಲಿಯುವವರ ಚಿತ್ರವಿರುವ ರೆಕಾರ್ಡಿಂಗ್ ಬೇಡವೇ ಬೇಡ. ಅವರು ಮನೆಯ ಕೋಣೆಯಲ್ಲಿ, ಮನೆಯ ಉಡುಪಿನಲ್ಲಿ ಇರುತ್ತಾರೆ, ಆ ವಿಡಿಯೊ ಯಾರ ಫೋನಿನಿಂದ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾಗದು. ನಿಮ್ಮ ಎರಡನೆಯ ಫೋನನ್ನು ಪಕ್ಕಕ್ಕೆ ನಿಲ್ಲಿಸಿ ನಿಮ್ಮನ್ನು ಮಾತ್ರ ಚಿತ್ರಿಸಿಕೊಳ್ಳಿ. ತಪ್ಪಿಸಿಕೊಂಡವರಿಗೆ ಅದನ್ನು ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ (ಹುಡುಕಿದರೆ ಸಿಗದ, ಲಿಂಕ್ ಇದ್ದವರಿಗೆ ಮಾತ್ರ ಕಾಣುವ) ಲಿಂಕ್ ಮಾಡಿ ಕಳುಹಿಸಬಹುದು, ಒಂದು ವಾರದ ನಂತರ ತೆಗೆದುಹಾಕಬಹುದು. ರೆಕಾರ್ಡಿಂಗ್ ಇದೆಯೆಂದು ತರಗತಿಗೆ ಬರುವುದನ್ನೇ ನಿಲ್ಲಿಸುವವರು ಕಂಡುಬಂದರೆ, ಫೋನ್ ಮಾಡಿ ಕಾರಣ ವಿಚಾರಿಸಿ. ಹೆಚ್ಚಿನ ಸಲ ವೇಳೆ ಹೊಂದುತ್ತಿಲ್ಲ ಎಂಬುದೇ ಕಾರಣವಾಗಿರುತ್ತದೆ, ಅಂಥವರು ನಾಲ್ಕೈದು ಜನ ಸೇರಿದಾಗ ಸಂಜೆಯ ತಂಡವನ್ನು ಆರಂಭಿಸಬಹುದು.